ಪಿತೃಋಣ ತೀರುವುದು ಎಲ್ಲಿ?

ಮನುಷ್ಯನು ಹುಟ್ಟುವಾಗಲೇ ಮೂರು ಋಣಗಳನ್ನು ಹೊತ್ತುಕೊಂಡು ಬರುತ್ತಾನೆಂಬುದು ನಮ್ಮಲ್ಲಿ ಬಹು ಹಳೆಯ ಮಾತು. ತೈತ್ತಿರೀಯ ಸಂಹಿತೆಯಷ್ಟು ಹಳೆಯದು. ಋಷಿಗಳ ಋಣ ಅಧ್ಯಯನದಿಂದ ತೀರುತ್ತದೆ, ದೇವತೆಗಳ ಋಣ ಯಜ್ಞದಿಂದ ತೀರುತ್ತದೆ, ಪಿತೃಗಳ ಋಣ ಸಂತಾನದಿಂದ ತೀರುತ್ತದೆ. ಈ ಮೂರನೆಯ ಲೆಕ್ಕದಲ್ಲಿ ಒಂದು ಸ್ವಾರಸ್ಯವಿದೆ. ಸಾಲ ಕೊಟ್ಟವನು ತಂದೆ. ಆದರೆ ಅದು ಸಂದಾಯವಾಗುವುದು ತಂದೆಗಲ್ಲ, ಇನ್ನೂ ಹುಟ್ಟದಿರುವ ಮಗುವಿಗೆ. ಅಪ್ಪನಿಂದ ಪಡೆದದ್ದನ್ನು ಮುಂದಿನವರಿಗೆ ಕೊಟ್ಟರೆ ಅಪ್ಪನಿಗೇ ಕೊಟ್ಟಂತಾಯಿತು ಎಂಬುದು ಅದರ ಇಂಗಿತ.

ಮನೆಗಳಲ್ಲಿ ಮಾತ್ರ ಈ ಲೆಕ್ಕ ಹೀಗೆ ನಡೆಯುವುದಿಲ್ಲ. ಅಲ್ಲಿ ಪ್ರತಿಯೊಬ್ಬ ತಂದೆಯ ಮನಸ್ಸಿನಲ್ಲಿಯೂ ಒಂದು ಖಾತೆಪುಸ್ತಕವಿರುತ್ತದೆ. ಓದಿಸಿದ್ದು, ಉಡಿಸಿದ್ದು, ಹೊಲ ಅಡವಿಟ್ಟು ಶುಲ್ಕ ಕಟ್ಟಿದ್ದು, ತಾನು ಹಳೆಯ ಚಪ್ಪಲಿಯಲ್ಲಿಯೇ ಕಾಲ ಕಳೆದದ್ದು — ಎಲ್ಲವೂ ಅದರಲ್ಲಿ ಬರೆದಿರುತ್ತದೆ. ಎಷ್ಟೋ ತಂದೆಯರು ಆ ಪುಸ್ತಕವನ್ನು ಬಾಯಿಬಿಟ್ಟು ಓದುವುದಿಲ್ಲ. ಅಷ್ಟು ಮರ್ಯಾದೆ ಅವರಿಗಿದೆ. ಆದರೆ ಮಗನಿಗೆ ಅದು ಇದೆಯೆಂದು ಗೊತ್ತು. ಊಟಕ್ಕೆ ಕುಳಿತಾಗ, ಹಬ್ಬಕ್ಕೆ ಬಂದಾಗ, ದೂರವಾಣಿಯಲ್ಲಿ ಮಾತು ನಿಂತುಹೋದಾಗ, ಅದರ ಹಾಳೆ ತಿರುವುವ ಸದ್ದು ಅವನಿಗೆ ಕೇಳಿಸುತ್ತದೆ. ಈ ಸಾಲ ನಿಜವೇ? ನಿಜವಾದರೆ ಅದನ್ನು ತೀರಿಸುವುದು ಹೇಗೆ?

ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯನ್ನು ಈಚೆಗೆ ಮತ್ತೊಮ್ಮೆ ಓದಿದಾಗ ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. 1940ರ ದಶಕದ ಆರಂಭದಲ್ಲಿ ಬಂದ ಆ ಕಾದಂಬರಿಯನ್ನು ಸಾಮಾನ್ಯವಾಗಿ ಮೂರು ತಲೆಮಾರುಗಳ ಕಥೆಯೆಂದು ಪಾಠ ಹೇಳುವುದು ವಾಡಿಕೆ: ಅಜ್ಜ ರಾಮ ಐತಾಳ, ಮಗ ಲಚ್ಚ, ಮೊಮ್ಮಗ ರಾಮ. ಅಜ್ಜ ಮಣ್ಣಿನಲ್ಲಿ ನಿಂತವನು, ಮಗ ಮಣ್ಣನ್ನು ಬಿಟ್ಟವನು, ಮೊಮ್ಮಗ ಮಣ್ಣಿಗೆ ಮರಳಿದವನು. ಪರೀಕ್ಷೆಗೆ ಈ ಉತ್ತರ ಸಾಕು. ಹೀಗೆ ಹೇಳಿ ಮುಗಿಸುವ ಹೊತ್ತಿಗೆ ಹೊಳಲೂರಿನ ಕಡೆಯ ವಿದ್ಯಾರ್ಥಿಯೊಬ್ಬ ಎದ್ದುನಿಂತು, “ರಾಮ ವಾಪಸು ಬಂದದ್ದು ಸರಿ ಸಾರ್, ಯಾವ ಅಪ್ಪನಿಗೋಸ್ಕರ?” ಎಂದು ಕೇಳಿದ. ತರಗತಿ ನಕ್ಕಿತು. ಆದರೆ ಆ ಹುಡುಗ ನಗುವುದಕ್ಕಾಗಿ ಕೇಳಿರಲಿಲ್ಲ. ಕಾದಂಬರಿಯ ಬಾಗಿಲನ್ನು ಸರಿಯಾದ ಜಾಗದಲ್ಲಿಯೇ ತಟ್ಟಿದ್ದ.

ಕಥೆಯನ್ನು ಬಲ್ಲವರು ಮನ್ನಿಸಬೇಕು. ಓದದವರಿಗಾಗಿ ನಾಲ್ಕು ಮಾತು ಹೇಳಬೇಕಾಗಿದೆ. ಕಡಲಿಗೆ ಅಂಟಿಕೊಂಡ ಕೋಡಿ ಎಂಬ ಹಳ್ಳಿ. ಅಲ್ಲಿ ಪೌರೋಹಿತ್ಯವನ್ನೂ ಬೇಸಾಯವನ್ನೂ ನಡೆಸುವ ರಾಮ ಐತಾಳರಿಗೆ ಮಕ್ಕಳಿಲ್ಲ. ಮನೆಯಲ್ಲಿ ಹೆಂಡತಿ ಪಾರೋತಿ, ವಿಧವೆಯಾದ ತಂಗಿ ಸರಸೋತಿ. ಇಬ್ಬರು ಹೆಂಗಸರೂ ಎತ್ತಿನಂತೆ ದುಡಿಯುತ್ತಾರೆ. ಮಗ ಬೇಕೆಂದು ಐತಾಳರು ಸತ್ಯಭಾಮೆಯನ್ನು ಎರಡನೆಯ ಮದುವೆಯಾಗುತ್ತಾರೆ. ಲಚ್ಚ ಹುಟ್ಟುತ್ತಾನೆ. ನೆರೆಯ ಮನೆಯವರು ಘಟ್ಟದ ಮೇಲೆ ಹೋಟೆಲು ಇಟ್ಟು ಹಣ ಕಂಡದ್ದು, ಅವರ ಮಕ್ಕಳು ಬೆಳೆದದ್ದು ಐತಾಳರ ಕಣ್ಣಿಗೆ ಚುಚ್ಚುತ್ತದೆ. ತನ್ನ ಮಗನೂ ಇಂಗ್ಲಿಷ್ ಓದಬೇಕೆನ್ನಿಸುತ್ತದೆ. ಓದಲು ಹೋದ ಲಚ್ಚ ಓದಿಗಿಂತ ಬೇರೆಯದನ್ನೇ ಹೆಚ್ಚಾಗಿ ಕಲಿಯುತ್ತಾನೆ. ಜೂಜು, ಹೆಣ್ಣು, ಸುಳ್ಳು, ರೋಗ. ಅವನ ಕೈಹಿಡಿದ ನಾಗವೇಣಿ ಅದೆಲ್ಲದರ ಫಲವನ್ನು ತನ್ನ ದೇಹದಲ್ಲಿ ಉಣ್ಣುತ್ತಾಳೆ. ಅವಳ ಮಗ ರಾಮ, ತಂದೆಯ ನೆರಳಿಲ್ಲದೆ ಬೆಳೆದು, ಮದರಾಸಿಗೆ ಓದಲು ಹೋಗಿ, ಉಪ್ಪಿನ ಸತ್ಯಾಗ್ರಹದ ದಿನಗಳ ಚಳವಳಿಗೆ ಸೇರಿ ಸೆರೆಮನೆ ಕಂಡು, ಕೆಲಸಕ್ಕಾಗಿ ಅಲೆದು, ಮುಂಬಯಿಯನ್ನೂ ನೋಡಿ, ಕೊನೆಗೆ ಕೋಡಿಗೆ ಬರುತ್ತಾನೆ.

ಐತಾಳರ ಪುತ್ರಾಪೇಕ್ಷೆಯನ್ನು ನಾವು ಸುಲಭವಾಗಿ ಹಳಿಯಬಾರದು. ಪುತ್ ಎಂಬ ನರಕದಿಂದ ಪಾರುಮಾಡುವವನೇ ಪುತ್ರನೆಂದು ಕೇಳುತ್ತ ಬೆಳೆದ ಮನುಷ್ಯ ಅವರು. ಪಿಂಡವಿಡಲು ಒಬ್ಬ ಬೇಕು. ನೆಟ್ಟ ತೆಂಗಿನ ಸಸಿಗೆ ಮುಂದೆ ನೀರು ಹಾಕಲು ಒಬ್ಬ ಬೇಕು. ಆದರೆ ಇದರ ಅರ್ಥವೇನಾಯಿತು? ಲಚ್ಚ ಹುಟ್ಟುವುದಕ್ಕೆ ಮುಂಚೆಯೇ ಅವನಿಗೊಂದು ಉದ್ಯೋಗ ನಿಶ್ಚಯವಾಗಿತ್ತು. ಅವನು ಬಂದದ್ದು ತಂದೆಯ ಒಂದು ಕೊರತೆಯನ್ನು ತುಂಬುವುದಕ್ಕೆ. ಮುಂದೆ ಇಂಗ್ಲಿಷ್ ಓದಿಗೆ ಹೋದದ್ದೂ ತಂದೆಯ ಇನ್ನೊಂದು ಕೊರತೆಯನ್ನು ತುಂಬುವುದಕ್ಕೇ. ನೆರೆಮನೆಯವರೆದುರು ತಗ್ಗಿದ ತಲೆಯನ್ನು ಎತ್ತುವುದಕ್ಕೆ. ಹುಡುಗನಿಗೆ ಏನು ಬೇಕೆಂದು ಆ ಮನೆಯಲ್ಲಿ ಯಾರೂ ಕೇಳಿದಂತಿಲ್ಲ. ಮುದ್ದು ಬೇಕಾದಷ್ಟು ಸಿಕ್ಕಿತು, ಪ್ರಶ್ನೆಯೊಂದು ಸಿಗಲಿಲ್ಲ.

ಇದರಿಂದ ಲಚ್ಚನ ತಪ್ಪು ಕಡಮೆಯಾಗುವುದಿಲ್ಲ. ಅವನಂತೆಯೇ ಮುದ್ದಿನಲ್ಲಿ ಬೆಳೆದು ಸಂಭಾವಿತರಾದವರು ಲೋಕದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಾಗವೇಣಿಗೆ ಅವನು ಮಾಡಿದ್ದನ್ನು ಅವನ ಅಪ್ಪನ ತಲೆಗೆ ಕಟ್ಟುವುದು ನ್ಯಾಯವಲ್ಲ, ಕಾರಂತರೂ ಕಟ್ಟುವುದಿಲ್ಲ. ಅವರು ತೋರಿಸುವುದು ಇಷ್ಟನ್ನೇ: ತಂದೆ ಮಗನನ್ನು ತನ್ನ ಕೈಯ ಊರುಗೋಲೆಂದು ಬಗೆದರೆ, ಮಗನೂ ತಂದೆಯನ್ನು ಹಣದ ಪೆಟ್ಟಿಗೆಯೆಂದು ಬಗೆಯಲು ತಡವಾಗುವುದಿಲ್ಲ. ಇಬ್ಬರಿಗೂ ಒಬ್ಬರಿಂದೊಬ್ಬರಿಗೆ ಆಗಬೇಕಾದ ಪ್ರಯೋಜನ ಕಾಣುತ್ತದೆ, ಒಬ್ಬರಿಗೊಬ್ಬರು ಕಾಣುವುದಿಲ್ಲ.

ಐತಾಳರ ಬಾಳಿನ ದೊಡ್ಡ ಗಳಿಗೆ ಬರುವುದು ಕೊನೆಗೆ. ಮಗನಿಗಾಗಿ ಎರಡನೆಯ ಮದುವೆಯಾದ ಆ ಮನುಷ್ಯ, ಮಗನ ನಡತೆಯನ್ನು ಕಂಡು, ಆಸ್ತಿಯನ್ನು ಸೊಸೆಯ ಹೆಸರಿಗೆ ಮಾಡುತ್ತಾರೆ. ಇಡೀ ಜೀವಮಾನ ತನ್ನ ರಕ್ತವನ್ನು ನಂಬಿದವರು ಕಡೆಗೆ ನಂಬಿದ್ದು ಬೇರೆ ಮನೆಯಿಂದ ಬಂದ ಹೆಣ್ಣೊಬ್ಬಳನ್ನು. ಆ ಆಸ್ತಿ ಉಳಿಯಲಿಲ್ಲ. ಅದನ್ನೂ ಲಚ್ಚ ಅವಳಿಂದ ಉಪಾಯವಾಗಿ ಕಿತ್ತುಕೊಂಡು ಹಾಳುಮಾಡುತ್ತಾನೆ. ಹಾಗಾದರೆ ರಾಮನಿಗೆ ತಾತನಿಂದ, ತಂದೆಯಿಂದ ಬಂದ ಪಿತ್ರಾರ್ಜಿತವೇನು? ಹೆಸರೊಂದು, ಮತ್ತು ನಷ್ಟ.

ಅವನಿಗೆ ಬೇರೊಂದು ಆಸ್ತಿ ಬಂದಿತ್ತು. ಮಳೆಯಲ್ಲಿ ನೆನೆದು ಗದ್ದೆಗೆ ಗೊಬ್ಬರ ಹೊತ್ತ ಪಾರೋತಿಯಿಂದ, ನಾದಿನಿಯಾಗಿ ಬಂದು ಮನೆಯ ಬೆನ್ನೆಲುಬಾಗಿ ನಿಂತ ಸರಸೋತಿಯಿಂದ, ರೋಗ ಅವಮಾನಗಳನ್ನು ನುಂಗಿಕೊಂಡು ಮಗನನ್ನು ಮನುಷ್ಯನನ್ನಾಗಿ ಮಾಡಿದ ನಾಗವೇಣಿಯಿಂದ ಬಂದದ್ದು ಅದು: ದುಡಿಮೆ, ತಾಳ್ಮೆ, ಪಿಟೀಲಿನ ಒಂದು ನಾದ. ಈ ಮೂವರ ಸಂಬಂಧವನ್ನು ಗಮನಿಸಬೇಕು. ಪಾರೋತಿ ಲಚ್ಚನನ್ನು ಹೆತ್ತವಳಲ್ಲ. ಸರಸೋತಿಗೆ ಮಕ್ಕಳೇ ಇಲ್ಲ. ನಾಗವೇಣಿ ಈ ವಂಶದವಳಲ್ಲ. ವಂಶಾವಳಿಯ ಪಟ ಬರೆಯುವಾಗ ಗಂಡಸರ ಹೆಸರುಗಳನ್ನು ಒಂದರ ಕೆಳಗೊಂದು ಬರೆದು ಗೆರೆ ಎಳೆಯುತ್ತೇವೆ. ಆ ಗೆರೆಯೊಳಗೆ ಹರಿದ ನೀರು ಮಾತ್ರ ಹೊರಗಿನಿಂದ ಬಂದ ಹೆಂಗಸರದು. ತಂದೆ ಮಕ್ಕಳ ಕಾದಂಬರಿಯೆಂದು ನಾವು ಹೆಸರಿಟ್ಟ ಪುಸ್ತಕದಲ್ಲಿ ತಂದೆಯಿಂದ ಮಗನಿಗೆ ದಾಟಿದ್ದು ಅತ್ಯಲ್ಪ.

ಆದುದರಿಂದ ಆ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ಸ್ಪಷ್ಟವಾಗಿಯೇ ಇದೆ. ರಾಮ ಯಾವ ಅಪ್ಪನಿಗೋಸ್ಕರವೂ ಮರಳಲಿಲ್ಲ. ವಿಧೇಯನಾಗುವುದಕ್ಕಾಗಲಿ ಪ್ರತಿಭಟಿಸುವುದಕ್ಕಾಗಲಿ ಅವನಿಗೆ ಅಪ್ಪನೇ ಇರಲಿಲ್ಲ. ಕಾದಂಬರಿಯ ಹೆಸರು ‘ಮರಳಿ ಮನೆಗೆ’ ಎಂದಲ್ಲ, ‘ಮರಳಿ ಮಣ್ಣಿಗೆ’ ಎಂದು. ಮನೆಗೆ ಕರೆಯುವವನು ತಂದೆ. ಮಣ್ಣು ಯಾರನ್ನೂ ಕರೆಯುವುದಿಲ್ಲ. ಸೆರೆಮನೆಯನ್ನು, ಪಟ್ಟಣವನ್ನು, ಹಸಿವನ್ನು ಕಂಡು, ಹೋಲಿಸಿ, ತೂಗಿ, ಅವನೇ ಆರಿಸಿಕೊಂಡು ಬಂದ. ಬರದೆ ಇರಬಹುದಾಗಿದ್ದವನು ಬಂದದ್ದರಿಂದಲೇ ಆ ಬರುವಿಕೆಗೆ ಬೆಲೆ.

ಇನ್ನೆರಡು ಕಾದಂಬರಿಗಳನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ತಂದೆ ಮಕ್ಕಳೆಂದೊಡನೆ ಸಾಹಿತ್ಯಪ್ರಿಯರಿಗೆ ನೆನಪಾಗುವುದು ರಷ್ಯದ ತುರ್ಗೇನೆವ್ 1862ರಲ್ಲಿ ಪ್ರಕಟಿಸಿದ ‘ತಂದೆಯರು ಮತ್ತು ಮಕ್ಕಳು’. ಅಲ್ಲಿಯ ಜಗಳ ವಿಚಾರಗಳ ಜಗಳ. ಯಾವುದನ್ನೂ ಪೂಜಿಸಲೊಲ್ಲದ ಬಜಾರೊವ್, ಹಿರಿಯರ ಕಾವ್ಯ ಸಂಗೀತ ದೇವರು ಎಲ್ಲವನ್ನೂ ಅಲ್ಲಗಳೆದು, ಕೊನೆಗೆ ಚಿಕ್ಕ ವಯಸ್ಸಿನಲ್ಲಿಯೇ ಸಾಯುತ್ತಾನೆ. ಅವನ ಸಮಾಧಿಯ ಬಳಿಗೆ ಒಬ್ಬರನ್ನೊಬ್ಬರು ಹಿಡಿದುಕೊಂಡು ಬರುವ ಮುದಿ ತಂದೆತಾಯಿಯರ ಚಿತ್ರವನ್ನು ಓದಿದವರು ಮರೆಯಲಾರರು. ಆ ಮುದುಕ ಮಗನ ವಿಚಾರಗಳನ್ನು ಅರ್ಥಮಾಡಿಕೊಳ್ಳಲಾರ. ಆದರೆ ಅವನ ಬಳಿ ಖಾತೆಪುಸ್ತಕವಿಲ್ಲ. ಮಗ ಮೂರು ವರ್ಷ ಬಿಟ್ಟು ಮನೆಗೆ ಬಂದರೂ ಅವನಿಗೆ ತೊಂದರೆಯಾಗದಿರಲೆಂದು ಬೆರಳ ತುದಿಯಲ್ಲಿ ಓಡಾಡುವ ತಂದೆ ಅವನು.

ಎರಡನೆಯದು ನಮ್ಮ ಎಸ್. ಎಲ್. ಭೈರಪ್ಪನವರ ‘ವಂಶವೃಕ್ಷ’, 1965ರದು. ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಯರು ಮಗನನ್ನು ಕಪಿಲೆಯ ಪಾಲುಮಾಡಿ, ಮೊಮ್ಮಗನನ್ನು ವಂಶದ ಕುಡಿಯೆಂದು ತಮ್ಮಲ್ಲಿಯೇ ಉಳಿಸಿಕೊಳ್ಳುತ್ತಾರೆ. ಮರುಮದುವೆಯಾದ ಸೊಸೆ ಕಾತ್ಯಾಯನಿ ಮಗನಿಗಾಗಿ ಹಂಬಲಿಸಿ ಕೊರಗುತ್ತಾಳೆ. ವಂಶದ ಮೇಲೆ ಅಷ್ಟು ಶ್ರದ್ಧೆಯಿಟ್ಟ ಶ್ರೋತ್ರಿಯರಿಗೆ, ತಮ್ಮಲ್ಲಿಯೇ ಆ ವಂಶದ ರಕ್ತವಿಲ್ಲವೆಂಬುದು ಇಳಿವಯಸ್ಸಿನಲ್ಲಿ ತಿಳಿಯುತ್ತದೆ. ಕಾರಂತರೂ ಭೈರಪ್ಪನವರೂ ಮನೋಧರ್ಮದಲ್ಲಿ ಎಷ್ಟೋ ದೂರ. ಆದರೂ ಇಬ್ಬರ ಕಾದಂಬರಿಗಳೂ ಒಂದೇ ತಾಣಕ್ಕೆ ಬಂದು ನಿಲ್ಲುತ್ತವೆ: ತಂದೆ ಮಗ ಎಂಬ ಸಂಬಂಧಕ್ಕೆ ರಕ್ತವೊಂದೇ ಸಾಕಾದ ಆಧಾರವಲ್ಲ.

ಕಾನೂನೂ ಈ ದಾರಿಯಲ್ಲಿ ನಿಧಾನವಾಗಿ ನಡೆದು ಬಂದಿದೆ. ತಂದೆ ಮಾಡಿದ ಸಾಲವನ್ನು ಮಗ, ಮೊಮ್ಮಗ, ಮರಿಮಗ ಧರ್ಮವೆಂದು ತೀರಿಸಬೇಕೆಂಬ ಕಟ್ಟುಪಾಡನ್ನು ನಮ್ಮ ನ್ಯಾಯಾಲಯಗಳು ಬಹುಕಾಲ ಎತ್ತಿಹಿಡಿದಿದ್ದವು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ತಿದ್ದುಪಡಿ, ಅಲ್ಲಿಂದ ಮುಂದಿನ ಸಾಲಗಳಿಗೆ ಆ ಕಾರಣವೊಂದನ್ನೇ ಹಿಡಿದು ಮಗನ ಮೇಲೆ ದಾವೆ ನಡೆಸುವಂತಿಲ್ಲವೆಂದಿತು. ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕೆಂದು ಹೇಳಿದ್ದೂ ಅದೇ ತಿದ್ದುಪಡಿ. ಕರ್ನಾಟಕದಲ್ಲಿ ಮದುವೆಯಾಗದ ಹೆಣ್ಣುಮಕ್ಕಳಿಗೆ ಅಂಥ ಹಕ್ಕು 1994ರಲ್ಲಿಯೇ ಬಂದಿತ್ತು. ತಂದೆಯ ಸಾಲ ಮಗನ ಹೆಗಲಿನಿಂದ ಇಳಿದದ್ದೂ, ತಂದೆಯ ಆಸ್ತಿ ಮಗಳ ಮಡಿಲಿಗೆ ಬಿದ್ದದ್ದೂ ಒಂದೇ ಕಾಗದದಲ್ಲಿ. ಇದು ಆಕಸ್ಮಿಕವೇ ಇರಬಹುದು. ಆದರೂ ಅರ್ಥಪೂರ್ಣವಾದ ಆಕಸ್ಮಿಕ.

ಹಾಗಾದರೆ ಮಕ್ಕಳು ಮುಪ್ಪಿನ ತಂದೆತಾಯಿಯರನ್ನು ಬಿಟ್ಟು ಹೋಗಬಹುದೆಂದು ಹೇಳಿದಂತಾಯಿತಲ್ಲ ಎಂದು ಹಿರಿಯರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ನಮ್ಮ ಸುತ್ತಮುತ್ತ ನೋಡಿದರೆ ಅವರ ಆತಂಕಕ್ಕೆ ಕಾರಣವಿಲ್ಲದಿಲ್ಲ. ಶಿವಮೊಗ್ಗದಿಂದ ಹೊನ್ನಾಳಿಯ ಕಡೆಗೆ ಹೋಗುವ ದಾರಿಯಲ್ಲಿರುವ ಹೊಳಲೂರಿನಂಥ ಊರುಗಳಲ್ಲಿ ನೀರು ಬಂದು, ಭತ್ತದ ಗದ್ದೆಗಳು ಒಂದೊಂದಾಗಿ ಅಡಕೆ ತೋಟಗಳಾಗುತ್ತಿವೆ. ಅಡಕೆ ಸಸಿ ನೆಟ್ಟವನು ಫಲಕ್ಕಾಗಿ ಐದಾರು ವರ್ಷ ಕಾಯಬೇಕು. ನೆಡುವಾಗಲೇ ಮುಂದೆ ನೋಡಿಕೊಳ್ಳುವವರು ಯಾರೆಂಬುದನ್ನು ಯೋಚಿಸಬೇಕು. ನೆಟ್ಟವರು ಅರುವತ್ತರ ಮೇಲಿನವರು, ಮಕ್ಕಳು ಬೆಂಗಳೂರಿನಲ್ಲಿ. ಇಂಥ ತಂದೆಯರ ಬಾಯಲ್ಲಿ ಎರಡು ಮಾತುಗಳನ್ನು ನಾನು ಮತ್ತೆ ಮತ್ತೆ ಕೇಳಿದ್ದೇನೆ. ಮಗ ಶಾಲೆಯಲ್ಲಿರುವಾಗ, “ನನ್ನ ಹಾಗೆ ಕೆಸರು ತುಳೀಬೇಡ ಮಗಾ, ಓದು.” ಮಗ ಓದಿ ಕೆಲಸ ಹಿಡಿದಮೇಲೆ, “ಇದನ್ನೆಲ್ಲಾ ಯಾರಿಗೋಸ್ಕರ ಮಾಡ್ದೆ ನಾನು?” ಎರಡೂ ಪ್ರೀತಿಯ ಮಾತುಗಳೇ. ಆದರೆ ಮೊದಲನೆಯ ಮಾತನ್ನು ನಡೆಸಿಕೊಟ್ಟ ಮಗನಿಗೆ ಎರಡನೆಯದು ಶಿಕ್ಷೆಯಂತೆ ಕೇಳಿಸುತ್ತದೆ.

ಭದ್ರಾವತಿಯ ಕಥೆ ಇದಕ್ಕೆ ವಿರುದ್ಧವಾದದ್ದು. ಅಲ್ಲಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದ್ದು 1923ರಲ್ಲಿ. ಕಾಗದದ ಕಾರ್ಖಾನೆ ಸ್ಥಾಪನೆಯಾದದ್ದು 1936ರಲ್ಲಿ. ಅಪ್ಪ ದುಡಿದ ಕಡೆಯೇ ಮಗನೂ ದುಡಿಯಬೇಕೆಂಬುದು ನ್ಯೂಟೌನು, ಪೇಪರ್ ಟೌನುಗಳ ಎಷ್ಟೋ ಮನೆಗಳ ಆಸೆಯಾಗಿತ್ತು. ಕಾಗದದ ಕಾರ್ಖಾನೆ 2015ರ ಹೊತ್ತಿಗೆ ಉತ್ಪಾದನೆ ನಿಲ್ಲಿಸಿತು; ಕಬ್ಬಿಣದ ಕಾರ್ಖಾನೆಯೂ ಸೊರಗಿತು. ಅಲ್ಲಿ ಮಗ ತಂದೆಯ ದಾರಿಯನ್ನು ಬಿಡಲಿಲ್ಲ, ದಾರಿಯೇ ಮಗನನ್ನು ಬಿಟ್ಟಿತು. ತಂದೆಯ ಬದುಕನ್ನು ಮುಂದುವರಿಸುವುದೇ ಮಗನ ಧರ್ಮವಾದರೆ, ಮುಂದುವರಿಸಲು ಏನೂ ಉಳಿಯದ ಮಗ ಅಧರ್ಮಿಯೇ? ಯಾರೂ ಹಾಗೆ ಹೇಳಲಾರರು. ಧರ್ಮವು ಬೇರೆಲ್ಲಿಯೋ ಇರಬೇಕು.

ನನಗೆ ತೋರುವುದು ಇಷ್ಟು. ಕೈಲಾಗದ ತಂದೆತಾಯಿಯರನ್ನು ನೋಡಿಕೊಳ್ಳುವುದು ಬೇರೆ, ಅವರ ಬಯಕೆಯಂತೆ ಬಾಳುವುದು ಬೇರೆ. ಮೊದಲನೆಯದರಿಂದ ಯಾವ ಮಗನಿಗೂ ಮಗಳಿಗೂ ಬಿಡುಗಡೆಯಿಲ್ಲ. ಒಮ್ಮೆ ನಾವೂ ಕೈಲಾಗದವರಾಗಿದ್ದೆವು; ಯಾರೋ ಎತ್ತಿಕೊಂಡರು. ಆ ಸಹಜವಾದ ಕರ್ತವ್ಯವನ್ನು ಸಾಲವೆಂದು ಕರೆಯುವುದರಿಂದ ಅದು ಚಿಕ್ಕದಾಗುತ್ತದೆ. ಸಾಲವಾದರೆ ಒಂದು ದಿನ ತೀರಬೇಕು. ತೀರಿದಮೇಲೆ ಕೊಟ್ಟವನೂ ಕೊಂಡವನೂ ಅಪರಿಚಿತರು. ಎರಡನೆಯದು ಮಾತ್ರ ಯಾರಿಗೂ ಯಾರೂ ಕೊಡಬೇಕಾದ್ದಲ್ಲ. ಬಾಳನ್ನು ಕೊಟ್ಟಿದ್ದೇನೆಂದು ಬಾಳನ್ನೇ ಹಿಂದಕ್ಕೆ ಕೇಳಿದರೆ, ಕೊಟ್ಟದ್ದೇನು?

ಇಲ್ಲಿಯೂ ಒಂದು ಮಾತನ್ನು ಮುಚ್ಚಿಡುವಂತಿಲ್ಲ. 2007ರಲ್ಲಿ ಹಿರಿಯರ ಪೋಷಣೆಗಾಗಿ ಕೇಂದ್ರ ಸರ್ಕಾರ ಒಂದು ಕಾಯ್ದೆ ಮಾಡಿತು. ಮಕ್ಕಳು ನೋಡಿಕೊಳ್ಳದಿದ್ದರೆ ಹಿರಿಯರು ನ್ಯಾಯಮಂಡಳಿಗೆ ಅರ್ಜಿ ಕೊಟ್ಟು ಜೀವನಾಂಶ ಕೇಳಬಹುದು. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ಷರತ್ತು ಮುರಿದರೆ, ರದ್ದುಗೊಳಿಸಿಕೊಳ್ಳಲೂಬಹುದು. ಒಳ್ಳೆಯ ಕಾಯ್ದೆಯೇ. ಅದನ್ನು ಮಾಡಿದಾಗ ‘ಮಕ್ಕಳು’ ಎಂಬ ಪದಕ್ಕೆ ಕೊಟ್ಟ ಅರ್ಥದಲ್ಲಿ ಮಗ, ಮಗಳು, ಮೊಮ್ಮಗ, ಮೊಮ್ಮಗಳು ಇದ್ದರು, ಸೊಸೆ ಇರಲಿಲ್ಲ. ಆದರೆ ನಮ್ಮ ಮನೆಗಳಲ್ಲಿ ಹಾಸಿಗೆ ಹಿಡಿದ ಮಾವನಿಗೆ ಗಂಜಿ ಕುಡಿಸುವ ಕೈ ಯಾರದು? ರಾತ್ರಿ ಎದ್ದು ಹೊದಿಕೆ ಬದಲಾಯಿಸುವವಳು ಯಾರು? ಮಗ ಪಿತೃಭಕ್ತನೆಂದು ಊರೆಲ್ಲ ಹೊಗಳುವಾಗ ಆ ಭಕ್ತಿಯನ್ನು ಅಡುಗೆಮನೆಯಲ್ಲಿ ನಿಂತು ನಡೆಸಿಕೊಟ್ಟವಳ ಹೆಸರನ್ನು ಯಾರೂ ಎತ್ತುವುದಿಲ್ಲ. ಬೇರೆಯವರ ದುಡಿಮೆಯಿಂದ ತೀರಿಸಿದ ಋಣವನ್ನು ನಮ್ಮ ಹೆಸರಿಗೆ ಜಮಾ ಮಾಡಿಕೊಳ್ಳುವುದು ಯಾವ ಧರ್ಮಶಾಸ್ತ್ರಕ್ಕೂ ಒಪ್ಪುವ ಮಾತಲ್ಲ. ಪಾರೋತಿ ಸರಸೋತಿಯರ ದುಡಿಮೆಯ ಮೇಲೆ ಐತಾಳರ ಮನೆ ನಿಂತಂತೆ, ಇಂದಿನ ಎಷ್ಟೋ ಸುಪುತ್ರರ ಕೀರ್ತಿಯೂ ನಿಂತಿದೆ. ತಂದೆಯನ್ನು ನೋಡಿಕೊಳ್ಳಬೇಕೆನ್ನುವ ಮಗ ಮೊದಲು ತನ್ನ ಕೈಯಿಂದ ಆ ಗಂಜಿಯ ಬಟ್ಟಲನ್ನು ಹಿಡಿಯಲಿ.

ನಮ್ಮ ಜಿಲ್ಲೆಯದೇ ಒಂದು ನಿದರ್ಶನದಿಂದ ಈ ಮಾತನ್ನು ಮುಗಿಸಬಹುದು. ತೀರ್ಥಹಳ್ಳಿ ತಾಲೂಕಿನ ಕುಪ್ಪಳಿಯ ಕುವೆಂಪು ಅಧ್ಯಾಪಕರಾಗಿ, ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ, ನಾಡಿನ ಕವಿಯಾಗಿ ಬೆಳೆದವರು. ಅವರ ಮಗ ಪೂರ್ಣಚಂದ್ರ ತೇಜಸ್ವಿ ಕನ್ನಡ ಎಂ.ಎ. ಮಾಡಿದರೂ ತಂದೆಯ ಅಧ್ಯಾಪಕ ವೃತ್ತಿಯನ್ನು ಹಿಡಿಯಲಿಲ್ಲ. ಮೂಡಿಗೆರೆಯ ಕಡೆ ತೋಟ ಮಾಡಲು ಹೋದರು. ಬರೆದರೂ ತಂದೆಯ ಶೈಲಿಯಲ್ಲಿ ಬರೆಯಲಿಲ್ಲ. ಹಕ್ಕಿ, ಮೀನು, ಕಾಡು, ಬಡವರ ಬದುಕು ಇವುಗಳ ಬೆನ್ನು ಹತ್ತಿ ತಮ್ಮದೇ ಗದ್ಯವನ್ನು ಕಂಡುಕೊಂಡರು. ತಂದೆ 1994ರಲ್ಲಿ ತೀರಿಕೊಂಡ ಮೇಲೆ ‘ಅಣ್ಣನ ನೆನಪು’ ಎಂಬ ಪುಸ್ತಕ ಬಂದಿತು. ಅಣ್ಣ ಎಂದರೆ ಅಲ್ಲಿ ತಂದೆ. ಅದನ್ನು ಓದಿದವರಿಗೆ ಅದರಲ್ಲಿ ಆರಾಧನೆಗಿಂತ ಹೆಚ್ಚಾಗಿ ಸಲಿಗೆ ಕಾಣುತ್ತದೆ. ದೊಡ್ಡ ಮನುಷ್ಯನೊಬ್ಬನನ್ನು ಮನೆಯೊಳಗಿನಿಂದ, ನಗುತ್ತ, ಹತ್ತಿರದಿಂದ ನೋಡಿದ ಕಣ್ಣು ಕಾಣುತ್ತದೆ. ಬೇರೆ ದಾರಿ ಹಿಡಿದ ಮಗನಿಗೆ ತಂದೆಯನ್ನು ಹೀಗೆ ನೋಡಲು ಸಾಧ್ಯವಾದದ್ದು, ಬೇರೆ ದಾರಿ ಹಿಡಿಯಲು ಆ ಮನೆಯಲ್ಲಿ ಅವಕಾಶವಿದ್ದುದರಿಂದಲೇ ಎಂದು ನಾನು ಭಾವಿಸುತ್ತೇನೆ.

ಐತಾಳರಿಗೂ ಲಚ್ಚನಿಗೂ ಸಿಗದೆ ಹೋದದ್ದು ಇದು. ತಂದೆ ಮಗನಿಗೆ ಹೊಲ ಬಿಡಬಹುದು, ಮನೆ ಬಿಡಬಹುದು, ಏನೂ ಬಿಡದೆಯೂ ಹೋಗಬಹುದು. ಜೊತೆಗೆ ಆ ಖಾತೆಪುಸ್ತಕವನ್ನು ಬಿಟ್ಟುಹೋಗದಿದ್ದರೆ ಸಾಕು. ಆಗ ಹೊಳಲೂರಿನ ತೋಟಕ್ಕೆ ಮಗ ಬಂದರೂ ಬರಬಹುದು, ಮಗಳು ಬಂದರೂ ಬರಬಹುದು, ಯಾರೂ ಬರದೆ ಅದು ಬೇರೆಯವರ ಪಾಲಾದರೂ ಆಗಬಹುದು. ಅಡಕೆ ಮರಕ್ಕೆ ನೆಟ್ಟವನ ಗೋತ್ರ ಗೊತ್ತಿಲ್ಲ. ನೀರು ಹಾಕಿದವರಿಗೆ ಅದು ಫಲ ಕೊಡುತ್ತದೆ.